ಹೆಸರು ಕೇಳದೆ ನೀಡುವ ನೆರವು: ಹೆಚ್.ಐ.ವಿ.ಯೊಂದಿಗೆ ಬದುಕುವವರ ಮಾನಸಿಕ ಆರೋಗ್ಯ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಹೆಚ್.ಐ.ವಿ. ಕುರಿತು ಗ್ರಾಮ ಮಟ್ಟದ ಸಭೆಗಳಲ್ಲಿ ಮಾತು ಬಂದಾಗ ಚರ್ಚೆಯು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಸೀಮಿತವಾಗುತ್ತದೆ: ಸೋಂಕು ಹೇಗೆ ಹರಡುತ್ತದೆ, ಅದನ್ನು ಹೇಗೆ ತಡೆಯಬೇಕು. ಇವೆರಡೂ ಅಗತ್ಯವಾದ ವಿಷಯಗಳೇ. ಆದರೆ ಸೋಂಕು ತಗುಲಿದ ನಂತರ ಅದೇ ಊರಿನ ಅದೇ ಓಣಿಯಲ್ಲಿ ದಶಕಗಳ ಕಾಲ ಬಾಳಬೇಕಾದ ವ್ಯಕ್ತಿಯ ಮನಸ್ಸಿನ ಸ್ಥಿತಿಯೇನು, ಆ ಕುಟುಂಬಕ್ಕೆ ಊರು ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಈ ಪ್ರಶ್ನೆಗೆ ಉತ್ತರವು ಆಸ್ಪತ್ರೆಯಲ್ಲಿ ಮಾತ್ರ ದೊರೆಯುವಂಥದ್ದಲ್ಲ. ಅದರ ಬಹುಪಾಲು ಗ್ರಾಮದಲ್ಲಿಯೇ ಇದೆ. ಆದುದರಿಂದ ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ಪರಿಸ್ಥಿತಿಯನ್ನು ಕಣ್ಣ ಮುಂದಿಟ್ಟುಕೊಂಡು ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಪಾಠದ ಸಾರವನ್ನು ಒಂದೇ ವಾಕ್ಯದಲ್ಲಿ ಹೀಗೆ ಹೇಳಬಹುದು: ಊರಿನಲ್ಲಿ ಯಾರಿಗೆ ಸೋಂಕಿದೆ ಎಂದು ತಿಳಿದುಕೊಳ್ಳುವುದು ಪಂಚಾಯತಿಯ ಕೆಲಸವಲ್ಲ, ಯಾರಿಗಿದ್ದರೂ ಅವರು ನಿರ್ಭಯವಾಗಿ ಬಾಳುವಂತೆ ಊರನ್ನು ಇಡುವುದು ಪಂಚಾಯತಿಯ ಕೆಲಸ.

1. ಔಷಧ ಬದಲಾಗಿದೆ, ಭಯ ಬದಲಾಗಿಲ್ಲ

ಭಾರತದಲ್ಲಿ ಹೆಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಆ ಕಾಲದಲ್ಲಿ ಸೋಂಕು ಎಂದರೆ ಸಾವು ಎಂಬ ಭಾವನೆ ಬೇರೂರಿತು. ಗೋಡೆ ಬರಹಗಳಲ್ಲಿಯೂ ಭಿತ್ತಿಪತ್ರಗಳಲ್ಲಿಯೂ ತಲೆಬುರುಡೆಯ ಚಿತ್ರ ಕಾಣಿಸಿಕೊಂಡಿತು. 2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರವು ಎ.ಆರ್.ಟಿ. ಔಷಧವನ್ನು ಉಚಿತವಾಗಿ ನೀಡಲಾರಂಭಿಸಿತು. ಮೊದಮೊದಲು ದೇಹದ ರೋಗನಿರೋಧಕ ಶಕ್ತಿ ಕುಗ್ಗಿದ ಮೇಲಷ್ಟೇ ಔಷಧ ಆರಂಭಿಸುವ ಪದ್ಧತಿ ಇತ್ತು. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ವಿಳಂಬವಿಲ್ಲದೆ ಚಿಕಿತ್ಸೆ ನೀಡುವ ನೀತಿ ಜಾರಿಯಲ್ಲಿದೆ.

ಇದರ ಫಲವನ್ನು ಪ್ರತಿಯೊಬ್ಬ ಸದಸ್ಯರೂ ಅರಿತಿರಬೇಕು. ತಪ್ಪದೆ ಔಷಧ ಸೇವಿಸುವ ವ್ಯಕ್ತಿ ಇತರರಂತೆಯೇ ದೀರ್ಘಕಾಲ ಬಾಳಬಲ್ಲನು, ಹೊಲದಲ್ಲಿ ದುಡಿಯಬಲ್ಲನು, ಸಂಸಾರ ನಡೆಸಬಲ್ಲನು. ಔಷಧದಿಂದ ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಅದೇ ಸ್ಥಿತಿಯಲ್ಲಿ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬುದು ವೈದ್ಯ ವಿಜ್ಞಾನದಲ್ಲಿ ಸಿದ್ಧವಾಗಿರುವ ಸಂಗತಿ. ಚಿಕಿತ್ಸೆ ಇಲ್ಲದಿದ್ದಲ್ಲಿ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇಕಡಾ 15ರಿಂದ 45ರಷ್ಟಿರುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದನ್ನು ಶೇಕಡಾ 5ಕ್ಕಿಂತ ಕಡಿಮೆ ಮಾಡಬಹುದು.

ಸೋಂಕು ಹರಡುವ ಮಾರ್ಗಗಳು ನಾಲ್ಕು: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಸಂಸ್ಕರಿಸದ ಸೂಜಿ ಮತ್ತು ಸಿರಿಂಜು, ಸೋಂಕಿತ ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು ಉಣ್ಣುವುದರಿಂದ, ಒಂದೇ ನಲ್ಲಿಯ ನೀರು ಕುಡಿಯುವುದರಿಂದ, ಕೈ ಹಿಡಿಯುವುದರಿಂದ, ಸೊಳ್ಳೆ ಕಚ್ಚುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಒಂದೇ ಬೆಂಚಿನಲ್ಲಿ ಮಕ್ಕಳು ಕೂರುವುದರಿಂದ ಅದು ಹರಡುವುದಿಲ್ಲ.

ಹೀಗೆ ಔಷಧವು ಬಹಳ ಮುಂದೆ ಬಂದಿದೆ. ಊರಿನ ಭಯ ಮಾತ್ರ ಗೋಡೆಯ ಮೇಲಿನ ಆ ಹಳೆಯ ತಲೆಬುರುಡೆಯ ಬಳಿಯೇ ನಿಂತಿದೆ. ಹೆಚ್.ಐ.ವಿ.ಯೊಂದಿಗೆ ಬದುಕುತ್ತಿರುವವರ ಮಾನಸಿಕ ಸಂಕಟದ ಬಹುಭಾಗ ಹುಟ್ಟುವುದು ಈ ಅಂತರದಲ್ಲಿ.

2. ಮನಸ್ಸಿನ ಮೇಲೆ ಬೀಳುವ ಭಾರ

ಖಿನ್ನತೆ ಮತ್ತು ಆತಂಕಗಳು ಸಾಮಾನ್ಯ ಜನರಿಗಿಂತ ಹೆಚ್.ಐ.ವಿ.ಯೊಂದಿಗೆ ಬದುಕುವವರಲ್ಲಿ ಹೆಚ್ಚಾಗಿ ಕಂಡುಬರುತ್ತವೆ ಎಂಬುದನ್ನು ಅನೇಕ ದೇಶಗಳ ಅನುಭವ ದೃಢಪಡಿಸಿದೆ. ಈ ಭಾರವು ಒಂದೇ ಬಾರಿಗೆ ಬರುವುದಿಲ್ಲ. ಅದು ಹಂತ ಹಂತವಾಗಿ ಬರುತ್ತದೆ.

ಮೊದಲನೆಯದು, ಪರೀಕ್ಷೆಯ ಫಲಿತಾಂಶ ತಿಳಿದ ದಿನಗಳು. ನಂಬಲಾಗದಿರುವುದು, ಸಿಟ್ಟು, ಸಂಗಾತಿಯ ಮೇಲೆ ಸಂಶಯ, ಇನ್ನೇನು ಎಲ್ಲ ಮುಗಿಯಿತು ಎಂಬ ಭಾವ ಈ ಹಂತದಲ್ಲಿ ಸಹಜ. ಆತ್ಮಹತ್ಯೆಯ ಆಲೋಚನೆ ಬರುವ ಅಪಾಯವೂ ಈ ಹಂತದಲ್ಲಿ ಹೆಚ್ಚು.

ಎರಡನೆಯದು, ಗುಟ್ಟಿನ ಭಾರ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಮಾತ್ರೆಯ ಡಬ್ಬಿಯನ್ನು ಎಲ್ಲಿಡಬೇಕು, ಮದುವೆ ಮನೆಗೆ ಹೋದಾಗ ರಾತ್ರಿಯ ಮಾತ್ರೆಯನ್ನು ಹೇಗೆ ನುಂಗಬೇಕು ಎಂಬ ಲೆಕ್ಕಾಚಾರ ದಿನವೂ ನಡೆಯುತ್ತದೆ. ವರ್ಷಗಟ್ಟಲೆ ಹೀಗೆ ಎಚ್ಚರದಿಂದಿರುವ ಮನಸ್ಸು ದಣಿಯುತ್ತದೆ.

ಮೂರನೆಯದು, ತನ್ನನ್ನು ತಾನೇ ಹಳಿದುಕೊಳ್ಳುವುದು. ಊರು ಏನೂ ಅನ್ನದಿದ್ದರೂ ಊರು ಅನ್ನಬಹುದಾದ ಮಾತನ್ನು ವ್ಯಕ್ತಿಯು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಹಬ್ಬಕ್ಕೆ ಹೋಗುವುದನ್ನು, ಸ್ವಸಹಾಯ ಸಂಘದ ಸಭೆಗೆ ಬರುವುದನ್ನು, ಕೂಲಿಯ ತಂಡದೊಂದಿಗೆ ಸೇರುವುದನ್ನು ಒಂದೊಂದಾಗಿ ಬಿಡುತ್ತಾನೆ.

ನಾಲ್ಕನೆಯದು, ಮಕ್ಕಳ ಮತ್ತು ಹದಿಹರೆಯದವರ ಸಂಕಟ. ಹುಟ್ಟಿನಿಂದಲೇ ಸೋಂಕು ಪಡೆದು, ಔಷಧದ ಬಲದಿಂದ ಬೆಳೆದು, ಇಂದು ಪ್ರಾಯಕ್ಕೆ ಬಂದಿರುವ ತಲೆಮಾರು ಒಂದಿದೆ. ತಾನೇಕೆ ದಿನವೂ ಮಾತ್ರೆ ನುಂಗಬೇಕು ಎಂಬ ಮಗುವಿನ ಪ್ರಶ್ನೆಗೆ ಮನೆಯವರಲ್ಲಿ ಉತ್ತರವಿರುವುದಿಲ್ಲ. ಮದುವೆಯ ಮಾತು ಬಂದಾಗ ಆ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ.

ಈ ಸಂಕಟಕ್ಕೂ ದೇಹದ ಆರೋಗ್ಯಕ್ಕೂ ನೇರ ಸಂಬಂಧವಿದೆ. ಖಿನ್ನತೆಗೆ ಒಳಗಾದವರು ಔಷಧ ಬಿಡುತ್ತಾರೆ. ಔಷಧ ಬಿಟ್ಟರೆ ವೈರಾಣು ಹೆಚ್ಚುತ್ತದೆ. ಮತ್ತೆ ಮತ್ತೆ ಬಿಟ್ಟು ಹಿಡಿದರೆ ಅದೇ ಔಷಧಕ್ಕೆ ವೈರಾಣು ಜಗ್ಗದಂತಾಗುತ್ತದೆ. ದೇಹ ಸೊರಗಿದಾಗ ಕ್ಷಯರೋಗ ಬೆನ್ನು ಹತ್ತುತ್ತದೆ. ಹೆಚ್.ಐ.ವಿ.ಯೊಂದಿಗೆ ಬದುಕುವವರ ಸಾವಿಗೆ ಪ್ರಮುಖ ಕಾರಣಗಳಲ್ಲಿ ಕ್ಷಯವೇ ಮೊದಲನೆಯದು. ಆದ್ದರಿಂದ ಮನಸ್ಸಿನ ಆರೈಕೆಯು ಚಿಕಿತ್ಸೆಗೆ ಸೇರಿಸಿದ ಹೆಚ್ಚುವರಿ ಸೌಜನ್ಯವಲ್ಲ. ಅದು ಚಿಕಿತ್ಸೆಯದೇ ಭಾಗ.

3. ಕಮಲಾಪುರದಿಂದ ಕಲಬುರಗಿಗೆ: ಮಾತ್ರೆಯ ದಾರಿ

ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಹಿಂದೆ ಕಲಬುರಗಿ ತಾಲ್ಲೂಕಿನಲ್ಲಿದ್ದು, ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಹುಮನಾಬಾದ್ ರಸ್ತೆಯಲ್ಲಿರುವ ಈ ಭಾಗದ ಜನರು ದೊಡ್ಡ ಆಸ್ಪತ್ರೆ, ನ್ಯಾಯಾಲಯ, ಮಾರುಕಟ್ಟೆಗಳಿಗೆ ಕಲಬುರಗಿಯನ್ನೇ ಅವಲಂಬಿಸಿದ್ದಾರೆ. ಎ.ಆರ್.ಟಿ. ಚಿಕಿತ್ಸೆ ನೀಡುವ ಕೇಂದ್ರವು ಕಲಬುರಗಿಯ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ಜಿಮ್ಸ್‌ನ, ಆಸ್ಪತ್ರೆಯಲ್ಲಿದೆ.

ನಕ್ಷೆಯಲ್ಲಿ ಈ ದಾರಿ ದೀರ್ಘವೇನಲ್ಲ. ಶಕ್ತಿ ಯೋಜನೆಯು 2023ರ ಜೂನ್ 11ರಂದು ಜಾರಿಯಾದ ಮೇಲೆ ಮಹಿಳೆಯರಿಗೆ ಬಸ್ಸಿನ ಖರ್ಚೂ ಇಲ್ಲ. ಆದರೆ ದಾರಿಯ ಭಾರವು ಟಿಕೆಟ್ಟಿನ ಬೆಲೆಯಲ್ಲಿ ಮಾತ್ರವಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಆ ದಿನದ ಬೆಲೆ ಇನ್ನೂ ಹೆಚ್ಚು. ಏಕೆ ಹೋಗುತ್ತಿ ಎಂದು ಕೇಳಿದವರಿಗೆ ಪ್ರತಿ ಸಲವೂ ಒಂದು ಕಾರಣ ಹೇಳಬೇಕು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಊರಿನವರಾರಾದರೂ ಎದುರಾದಾರು ಎಂಬ ಅಳುಕಿರುತ್ತದೆ. ಪರಿಚಿತರ ಕಣ್ಣು ತಪ್ಪಿಸಲೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ ಕೇಂದ್ರವನ್ನು ಆರಿಸಿಕೊಳ್ಳುವುದೂ ಉಂಟು. ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ವಲಸೆ ಹೋಗುವ ಕುಟುಂಬಗಳಿಗೆ ಔಷಧ ತಪ್ಪದಂತೆ ನೋಡಿಕೊಳ್ಳುವುದು ಮತ್ತೂ ಕಷ್ಟ.

ಇದಕ್ಕೆ ಪರಿಹಾರಗಳಿವೆ. ಒಂದು ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ, ಬೇರೆ ರಾಜ್ಯಕ್ಕೂ, ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಬಹುದು. ಆರೋಗ್ಯ ಸ್ಥಿರವಾಗಿರುವವರು ಒಂದಕ್ಕಿಂತ ಹೆಚ್ಚು ತಿಂಗಳ ಔಷಧವನ್ನು ಒಟ್ಟಿಗೆ ಪಡೆಯುವ ಅವಕಾಶವನ್ನು ಕೇಂದ್ರದ ವೈದ್ಯರಲ್ಲಿ ಕೇಳಬಹುದು. ಎ.ಆರ್.ಟಿ. ಕೇಂದ್ರಗಳಲ್ಲಿಯೂ ಪರೀಕ್ಷೆ ನಡೆಸುವ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿಯೂ ಆಪ್ತಸಮಾಲೋಚಕರು ಇರುತ್ತಾರೆ. ವಲಸೆಗೆ ಹೊರಡುವ ಎಲ್ಲ ಕುಟುಂಬಗಳಿಗೂ ಪಂಚಾಯತಿಯು ಒಂದು ಸಾಮಾನ್ಯ ಸೂಚನೆ ನೀಡಬಹುದು: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ, ಎ.ಆರ್.ಟಿ., ಹೀಗೆ ಯಾವುದೇ ನಿತ್ಯದ ಔಷಧ ಸೇವಿಸುವವರು ಹೊರಡುವ ಮೊದಲು ತಮ್ಮ ಕೇಂದ್ರವನ್ನು ಕಂಡು ವರ್ಗಾವಣೆ ಪತ್ರ ಪಡೆಯಬೇಕು. ಎಲ್ಲರಿಗೂ ಹೇಳಿದ ಮಾತಿನಿಂದ ಯಾರೊಬ್ಬರೂ ಗುರುತಿಗೆ ಸಿಗುವುದಿಲ್ಲ.

4. ಮನೆ, ಶಾಲೆ, ಕೆಲಸ

ಸಾಮಾಜಿಕ ಕಷ್ಟಗಳಲ್ಲಿ ಅತ್ಯಂತ ಭಾರವಾದುದು ಮಹಿಳೆಯರ ಪಾಲಿಗೆ ಬರುತ್ತದೆ. ಗರ್ಭಿಣಿಯ ತಪಾಸಣೆಯಲ್ಲಿ ಹೆಚ್.ಐ.ವಿ. ಪರೀಕ್ಷೆಯೂ ಸೇರಿರುವುದರಿಂದ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಹೆಂಡತಿಗೆ. ಮೊದಲು ಗೊತ್ತಾದವಳೇ ತಂದವಳು ಎಂಬ ತಪ್ಪು ತೀರ್ಮಾನ ಆಕೆಯ ತಲೆಗೆ ಕಟ್ಟಿಕೊಳ್ಳುತ್ತದೆ. ಗಂಡ ತೀರಿಕೊಂಡರೆ ಆಕೆಯನ್ನು ತವರಿಗೆ ಕಳುಹಿಸುವುದು, ಹೊಲಮನೆಯ ಪಾಲು ತಪ್ಪಿಸುವುದು, ಮಕ್ಕಳನ್ನು ಮಾತ್ರ ಉಳಿಸಿಕೊಳ್ಳುವುದು ನಡೆಯುತ್ತದೆ. ತವರಿನಲ್ಲಿಯೂ ಬೇರೆ ತಟ್ಟೆ, ಬೇರೆ ಹಾಸಿಗೆ ಕಾದಿರಬಹುದು.

ಮಕ್ಕಳ ವಿಷಯದಲ್ಲಿ ಭೇದಭಾವವು ಸಣ್ಣ ಸಣ್ಣ ರೂಪಗಳಲ್ಲಿ ಬರುತ್ತದೆ. ಅಂಗನವಾಡಿಯಲ್ಲಿ ತಟ್ಟೆ ಬೇರೆಯಾಗುವುದು, ಬಿಸಿಯೂಟದ ಸಾಲಿನಲ್ಲಿ ಕೊನೆಗೆ ಕೂರಿಸುವುದು, ಆಟದಿಂದ ಹೊರಗಿಡುವುದು. ದುಡಿಮೆಯಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ. ಆಕೆಯ ಕೈಯಡುಗೆ ಬೇಡ, ಅವನ ಅಂಗಡಿಯ ಚಹಾ ಬೇಡ ಎಂಬ ಪಿಸುಮಾತಿನಿಂದ ಒಂದು ಕುಟುಂಬದ ಅನ್ನ ನಿಲ್ಲುತ್ತದೆ. ಸತ್ತ ಮೇಲೂ ಹೆಗಲು ಕೊಡಲು ಹಿಂಜರಿಯುವ ಜನರಿದ್ದಾರೆ.

ಕಲಬುರಗಿಯು ಶರಣಬಸವೇಶ್ವರರ ದಾಸೋಹದ ನೆಲ, ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುವ ನೆಲ. ಪಂಕ್ತಿಯಲ್ಲಿ ಕುಳಿತವರಿಗೆ ಹೆಸರು ಕೇಳದೆ ಬಡಿಸುವ ವಾಡಿಕೆ ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. ಆರೋಗ್ಯದ ವಿಷಯದಲ್ಲಿಯೂ ಅದೇ ವಾಡಿಕೆಯನ್ನು ಪಾಲಿಸಬೇಕೆಂಬುದಷ್ಟೇ ಇಲ್ಲಿಯ ಆಶಯ.

ಪದಬಳಕೆಯ ಬಗ್ಗೆಯೂ ಎಚ್ಚರ ಬೇಕು. ಹೆಚ್.ಐ.ವಿ. ಎಂಬುದು ವೈರಾಣು. ಏಡ್ಸ್ ಎಂಬುದು ಚಿಕಿತ್ಸೆ ಇಲ್ಲದೆ ಮುಂದುವರಿದ ಸೋಂಕಿನ ಕೊನೆಯ ಹಂತ. ಚಿಕಿತ್ಸೆಯಲ್ಲಿದ್ದು ಆರೋಗ್ಯವಾಗಿರುವವರನ್ನು "ಏಡ್ಸ್ ರೋಗಿ" ಎಂದು ಕರೆಯುವುದು ವೈದ್ಯಕೀಯವಾಗಿಯೂ ತಪ್ಪು, ಮನಸ್ಸಿಗೂ ಪೆಟ್ಟು. "ಹೆಚ್.ಐ.ವಿ.ಯೊಂದಿಗೆ ಬದುಕುತ್ತಿರುವವರು" ಎಂಬುದು ಸರಿಯಾದ ಮಾತು.

5. ಕಾನೂನು ಏನು ಹೇಳುತ್ತದೆ

ಹೆಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದೇಶದಾದ್ಯಂತ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸದಸ್ಯರು ತಿಳಿದಿರಬೇಕಾದ ಮುಖ್ಯಾಂಶಗಳು ಹೀಗಿವೆ:

• ಉದ್ಯೋಗ, ಶಿಕ್ಷಣ, ಚಿಕಿತ್ಸೆ, ಬಾಡಿಗೆ ಮನೆ, ಸಾರ್ವಜನಿಕ ಸೌಲಭ್ಯಗಳಲ್ಲಿ ಸೋಂಕಿನ ಕಾರಣದಿಂದ ಭೇದಭಾವ ಮಾಡುವಂತಿಲ್ಲ. ಈ ರಕ್ಷಣೆ ಸೋಂಕಿತರ ಜೊತೆ ವಾಸಿಸುವ ಮನೆಯವರಿಗೂ ಇದೆ.
• ಸಾರ್ವಜನಿಕ ಹುದ್ದೆಗೆ ಸ್ಪರ್ಧಿಸುವ, ಅದನ್ನು ಹೊಂದುವ ಹಕ್ಕನ್ನು ಈ ಕಾರಣಕ್ಕೆ ನಿರಾಕರಿಸುವಂತಿಲ್ಲ. ಎಂದರೆ ಪಂಚಾಯತಿಯ ಸದಸ್ಯರಲ್ಲಿಯೇ ಒಬ್ಬರು ಹೆಚ್.ಐ.ವಿ.ಯೊಂದಿಗೆ ಬದುಕುತ್ತಿರಬಹುದು. ಅದನ್ನು ಹೇಳಬೇಕಾದ ಕಟ್ಟುಪಾಡು ಅವರಿಗಿಲ್ಲ.
• ತಿಳಿವಳಿಕೆಯುಳ್ಳ ಒಪ್ಪಿಗೆ ಇಲ್ಲದೆ ಯಾರನ್ನೂ ಪರೀಕ್ಷೆಗೆ ಒಳಪಡಿಸುವಂತಿಲ್ಲ.
• ನಂಬಿಕೆಯಿಂದ ಹೇಳಿದ ಇನ್ನೊಬ್ಬರ ಸೋಂಕಿನ ಸ್ಥಿತಿಯನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ.
• ಕೂಡಿ ಬಾಳಿದ ಮನೆಯಿಂದ 18 ವರ್ಷದೊಳಗಿನವರನ್ನಾಗಲಿ ಮಹಿಳೆಯನ್ನಾಗಲಿ ಸೋಂಕಿನ ಕಾರಣಕ್ಕೆ ಹೊರಹಾಕುವಂತಿಲ್ಲ.
• ತಂದೆತಾಯಿ ಇಲ್ಲದ ಅಥವಾ ಅಶಕ್ತರಾದ ಕುಟುಂಬದಲ್ಲಿ 12 ವರ್ಷ ತುಂಬಿದ, ತಕ್ಕ ತಿಳಿವಳಿಕೆಯುಳ್ಳ ಹಿರಿಯ ಮಗುವು ತಮ್ಮ ತಂಗಿಯರ ಶಾಲಾ ದಾಖಲಾತಿ, ಬ್ಯಾಂಕ್ ಖಾತೆ ಮೊದಲಾದವುಗಳಿಗೆ ಪಾಲಕರಾಗಿ ನಿಲ್ಲಬಹುದು.
• ಸೋಂಕಿತರ ವಿರುದ್ಧ ದ್ವೇಷ ಹರಡುವವರಿಗೆ 3 ತಿಂಗಳಿಂದ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಚಿಕಿತ್ಸೆ ನಿರಾಕರಣೆ ಮೊದಲಾದ ದೂರುಗಳನ್ನು ವಿಚಾರಿಸಲು ರಾಜ್ಯ ಸರ್ಕಾರವು ಓಂಬುಡ್ಸ್‌ಮನ್ ನೇಮಿಸಬೇಕೆಂದು ಇದೇ ಅಧಿನಿಯಮ ವಿಧಿಸಿದೆ. ಆಸ್ತಿ ಮತ್ತು ವಾಸದ ವಿವಾದಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ ಉಚಿತ ನೆರವು ದೊರೆಯುತ್ತದೆ. ಅದರ ಸಹಾಯವಾಣಿ ಸಂಖ್ಯೆ 15100. ಮಾನಸಿಕ ಆರೋಗ್ಯ ಆರೈಕೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಘೋಷಿಸಿದೆ.

6. ಅಭ್ಯಾಸದ ಸನ್ನಿವೇಶ

ಈ ಕೆಳಗಿನ ಸನ್ನಿವೇಶವು ಅಧ್ಯಯನಕ್ಕಾಗಿ ಕಲ್ಪಿಸಿದ್ದು. ಯಾವುದೇ ನಿರ್ದಿಷ್ಟ ಗ್ರಾಮಕ್ಕೆ ಸಂಬಂಧಿಸಿದ್ದಲ್ಲ.

ಒಬ್ಬ ವಿಧವೆ ಇಬ್ಬರು ಮಕ್ಕಳೊಂದಿಗೆ ತವರೂರಿನ ಒಂದು ಪಡಸಾಲೆಯಲ್ಲಿ ವಾಸವಾಗಿದ್ದಾಳೆ. ವಸತಿ ಯೋಜನೆಯ ಮನೆಗೆ ಅರ್ಜಿ ಹಾಕಿದ್ದಾಳೆ. ತನ್ನ ಸೋಂಕಿನ ವಿಷಯವನ್ನು ಒಬ್ಬ ಸದಸ್ಯರಲ್ಲಿ ಮಾತ್ರ ನಂಬಿಕೆಯಿಂದ ಹೇಳಿಕೊಂಡಿದ್ದಾಳೆ. ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಆಯ್ಕೆ ನಡೆದಾಗ ಬೇರೆಯವರು ತಕರಾರು ತೆಗೆಯುತ್ತಾರೆ. ಆಕೆಗೆ ಮನೆ ಸಿಗಲೇಬೇಕೆಂಬ ಸದುದ್ದೇಶದಿಂದ ಆ ಸದಸ್ಯರು ಎದ್ದು ನಿಂತು, ಆಕೆಗೆ ಇಂಥ ಕಾಯಿಲೆ ಇದೆ, ಕರುಣೆ ತೋರಬೇಕು ಎನ್ನುತ್ತಾರೆ. ಸಭೆ ಒಪ್ಪುತ್ತದೆ. ಮನೆ ಮಂಜೂರಾಗುತ್ತದೆ. ಆದರೆ ಮರುವಾರದಿಂದ ಆಕೆಯನ್ನು ಯಾರೂ ಕೂಲಿಗೆ ಕರೆಯುವುದಿಲ್ಲ. ಶಾಲೆಯಲ್ಲಿ ಮಗಳ ಪಕ್ಕ ಯಾರೂ ಕೂರುವುದಿಲ್ಲ. ಎಲ್ಲರ ಕಣ್ಣು ತನ್ನ ಮೇಲಿದೆ ಎಂಬ ಭಯದಿಂದ ಆಕೆ ಕಲಬುರಗಿಗೆ ಹೋಗುವುದನ್ನು ನಿಲ್ಲಿಸುತ್ತಾಳೆ. ಮಾತ್ರೆ ನಿಲ್ಲುತ್ತದೆ.

ಇಲ್ಲಿ ದುರುದ್ದೇಶ ಯಾರಲ್ಲಿಯೂ ಇರಲಿಲ್ಲ. ತಪ್ಪಾದದ್ದು ಕರುಣೆಯ ದಾರಿ. ವಿಧವೆ, ನಿವೇಶನರಹಿತೆ, ಇಬ್ಬರು ಮಕ್ಕಳ ಪೋಷಕಿ ಎಂಬ ಮೂರು ಅರ್ಹತೆಗಳು ಆಕೆಗೆ ಮೊದಲೇ ಇದ್ದವು. ಅವನ್ನು ಸಭೆಯಲ್ಲಿ ಯಾವ ಅಂಜಿಕೆಯೂ ಇಲ್ಲದೆ ಹೇಳಬಹುದಿತ್ತು. ನಾಲ್ಕನೆಯ ಮಾತಿನ ಅಗತ್ಯವೇ ಇರಲಿಲ್ಲ.

ಇದರಿಂದ ದೊರೆಯುವ ನಿಯಮ ಸರಳವಾದುದು. ಬಹಿರಂಗವಾಗಿ ಹೇಳಬಹುದಾದ ಅರ್ಹತೆಯ ಮೇಲೆ ಸೌಲಭ್ಯ ಕೊಡಿಸಬೇಕು. ವಿಧವಾ ವೇತನ, ಪಡಿತರ ಚೀಟಿ, ವಸತಿ, ಉದ್ಯೋಗ ಖಾತರಿ ಕೆಲಸ ಇವೆಲ್ಲಕ್ಕೂ ಸೋಂಕಿನ ಪ್ರಸ್ತಾಪ ಬೇಕಿಲ್ಲ. ಸೋಂಕಿತ ಮಹಿಳೆಯರ ಸ್ವ ಉದ್ಯೋಗಕ್ಕಾಗಿ ಇರುವ ಧನಶ್ರೀ, ಬಾಧಿತ ಮಕ್ಕಳಿಗಾಗಿ ಇರುವ ವಿಶೇಷ ಪಾಲನಾ ಯೋಜನೆಯಂಥವುಗಳ ಮಾಹಿತಿಯನ್ನು ಮಹಿಳಾ ಅಭಿವೃದ್ಧಿ ನಿಗಮ, ಮಕ್ಕಳ ರಕ್ಷಣಾ ಘಟಕ ಮತ್ತು ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚಕರ ಮೂಲಕ ಪಡೆಯುವಂತೆ ತಿಳಿಸಬೇಕು. ಅಂಥ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದುವುದಾಗಲಿ, ನಡಾವಳಿಯಲ್ಲಿ ಬರೆಯುವುದಾಗಲಿ, ಫಲಕಕ್ಕೆ ಹಚ್ಚುವುದಾಗಲಿ, ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ ಸಲ್ಲದು.

7. ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಮಾನಸಿಕ ಆರೋಗ್ಯವನ್ನು ಹಳ್ಳಿಯ ಮಟ್ಟದಲ್ಲಿ ನೋಡಿಕೊಳ್ಳಲು ಸಾಧ್ಯವೆಂದು ತೋರಿಸಿಕೊಟ್ಟದ್ದು ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಅಲ್ಲಿ ಆರಂಭಿಸಿದ ಕಾರ್ಯಕ್ರಮವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿತು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಪರಂಪರೆಯನ್ನು ಮುಂದುವರಿಸಲು ಪಂಚಾಯತಿಗೆ ದೊಡ್ಡ ಅನುದಾನ ಬೇಕಿಲ್ಲ.

(ಅ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಮಾನಸಿಕ ಆರೋಗ್ಯವನ್ನು ಕಾಯಂ ವಿಷಯವನ್ನಾಗಿ ಸೇರಿಸುವುದು. ಚರ್ಚೆ ಸೇವೆಗಳ ಬಗ್ಗೆ ನಡೆಯಲಿ, ವ್ಯಕ್ತಿಗಳ ಬಗ್ಗೆ ಬೇಡ.

(ಆ) ಪಂಚಾಯತಿ ಕಚೇರಿ, ಅರಿವು ಕೇಂದ್ರ, ಶಾಲೆ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ಎರಡು ಸಂಖ್ಯೆಗಳನ್ನು ಬರೆಸುವುದು: ಹೆಚ್.ಐ.ವಿ. ಮಾಹಿತಿಗೆ 1097, ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416. ಎರಡೂ ಉಚಿತ. ಕರೆ ಮಾಡುವವರು ಹೆಸರು ಹೇಳಬೇಕಿಲ್ಲ. ತಲೆಬುರುಡೆಯ ಚಿತ್ರವಿರುವ ಹಳೆಯ ಗೋಡೆ ಬರಹವಿದ್ದರೆ ಅಳಿಸುವುದು.

(ಇ) ಡಿಸೆಂಬರ್ 1ರ ವಿಶ್ವ ಏಡ್ಸ್ ದಿನ ಮತ್ತು ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಗಳಂದು, ಮಹಿಳಾ ಗ್ರಾಮ ಸಭೆ ಮತ್ತು ಮಕ್ಕಳ ಗ್ರಾಮ ಸಭೆಗಳಲ್ಲಿ, ಆರೋಗ್ಯ ಸಿಬ್ಬಂದಿಯಿಂದ ಸರಿಯಾದ ಮಾಹಿತಿ ಕೊಡಿಸುವುದು. ಊರಿನ ಯಾರನ್ನೂ ಉದಾಹರಣೆಯಾಗಿ ವೇದಿಕೆಗೆ ಕರೆಯಬಾರದು.

(ಈ) ಶಾಲೆ, ಅಂಗನವಾಡಿ ಅಥವಾ ಕೆಲಸದ ಸ್ಥಳದಲ್ಲಿ ಭೇದಭಾವದ ದೂರು ಬಂದರೆ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಅಧ್ಯಕ್ಷರು ದೂರುದಾರರ ಹೆಸರು ಹೊರಬೀಳದಂತೆ ಸಂಬಂಧಪಟ್ಟವರೊಂದಿಗೆ ನೇರವಾಗಿ ಮಾತನಾಡುವುದು.

(ಉ) ಸದಸ್ಯರು ತಮ್ಮ ನಡತೆಯಿಂದ ಊರಿಗೆ ಮಾರ್ಗ ತೋರಿಸುವುದು. ಪಿಸುಮಾತು ಹಬ್ಬಿದ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವ ಸದಸ್ಯರು ಹತ್ತು ಭಾಷಣಗಳ ಕೆಲಸ ಮಾಡುತ್ತಾರೆ.

8. ಸಂಕಟದ ಗಳಿಗೆಯಲ್ಲಿ

ಒಬ್ಬರು ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರೆ, ಊಟ, ಮಾತು, ಕೆಲಸಗಳಲ್ಲಿ ಆಸಕ್ತಿ ಕಳೆದುಕೊಂಡಿದ್ದರೆ, ತನ್ನಿಂದ ಎಲ್ಲರಿಗೂ ಹೊರೆ ಎಂದು ಹೇಳುತ್ತಿದ್ದರೆ, ಕುಡಿತ ಒಮ್ಮೆಲೇ ಹೆಚ್ಚಿದ್ದರೆ, ಗಮನ ಕೊಡಬೇಕು. ಕಾರಣ ಹೆಚ್.ಐ.ವಿ. ಇರಬಹುದು, ಸಾಲ ಇರಬಹುದು, ಬೇರೇನೋ ಇರಬಹುದು. ಕಾರಣ ಕೆದಕುವ ಅಗತ್ಯವಿಲ್ಲ. ಪ್ರತ್ಯೇಕವಾಗಿ ಕುಳಿತು ಕೇಳಿಸಿಕೊಳ್ಳಬೇಕು. ಬುದ್ಧಿವಾದ ಹೇಳುವ ಆತುರ ಬೇಡ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೃದುವಾಗಿ ನೇರವಾಗಿ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಬದಲಾಗಿ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕವನ್ನು ಬೀಗದೊಳಗೆ ಇಡಿಸಬೇಕು. 14416ಕ್ಕೆ ಕರೆ ಮಾಡಿಸಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. ಖಿನ್ನತೆಗೆ ಚಿಕಿತ್ಸೆಯಿದೆ, ಎ.ಆರ್.ಟಿ.ಯ ಜೊತೆಗೂ ಅದನ್ನು ಪಡೆಯಬಹುದು. ತಾವು ಸೇವಿಸುವ ಔಷಧಗಳ ವಿವರವನ್ನು ವೈದ್ಯರಿಗೆ ಅವರೇ ತಿಳಿಸುವಂತೆ ಧೈರ್ಯ ಹೇಳಬೇಕು.

ಚರ್ಚೆಗೆ ಪ್ರಶ್ನೆಗಳು

1. ಆರನೆಯ ಭಾಗದ ಸನ್ನಿವೇಶದಲ್ಲಿ ತಕರಾರು ಬಂದಾಗ ಆ ಸದಸ್ಯರು ಯಾವ ಮಾತುಗಳಲ್ಲಿ ಆಕೆಯ ಪರವಾಗಿ ವಾದಿಸಬಹುದಿತ್ತು?
2. ಗುಟ್ಟು ಈಗಾಗಲೇ ಬಯಲಾಗಿದ್ದರೆ, ಮರುದಿನದಿಂದ ಪಂಚಾಯತಿ ಕೈಗೊಳ್ಳಬೇಕಾದ ಮೂರು ಕ್ರಮಗಳು ಯಾವುವು?
3. ತಮ್ಮ ಪಂಚಾಯತಿಯ ನಡಾವಳಿ, ಫಲಕ ಮತ್ತು ವಾಟ್ಸಾಪ್ ಗುಂಪುಗಳಲ್ಲಿ ಯಾರದಾದರೂ ಆರೋಗ್ಯದ ವಿವರ ಹೊರಬೀಳುವ ಸಂದರ್ಭಗಳು ಎಲ್ಲಿವೆ?
4. ವಲಸೆ ಹೊರಡುವ ಕುಟುಂಬಗಳಿಗೆ ನೀಡುವ ಸಾಮಾನ್ಯ ಆರೋಗ್ಯ ಸೂಚನೆಯನ್ನು ಐದು ಸಾಲಿನಲ್ಲಿ ಬರೆಯಿರಿ.

ಮುಂದಿನ ಸಾಮಾನ್ಯ ಸಭೆಗೆ ಮೊದಲು ಎರಡು ಸಹಾಯವಾಣಿ ಸಂಖ್ಯೆಗಳು ಪಂಚಾಯತಿಯ ಗೋಡೆಯ ಮೇಲೆ ಬಂದರೆ ಈ ಪಾಠದ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ಅವನ್ನು ಯಾರು ಓದಿದರು, ಯಾರು ಕರೆ ಮಾಡಿದರು ಎಂದು ವಿಚಾರಿಸದಿರುವುದು ಎರಡನೆಯ ಹೆಜ್ಜೆ.